ಮೂರನೆಯ ಸಲ ಅಂಟಿಸಿದ ಹಲ್ಲು

ಸಿರುಗುಪ್ಪದ ನನ್ನ ಹಲ್ಲಿನ ದವಾಖಾನೆಗೆ ಆ ಹೆಂಗಸು ಮತ್ತೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕುರುಗೋಡಿನ ನಾಟಕದ ಕಲಾವಿದೆ ಅವಳು, ಐವತ್ತರ ಆಸುಪಾಸು. ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಹಲ್ಲಿನ ಬಣ್ಣದ್ದೇ ಸಿಮೆಂಟು ಅಂಟಿಸಿ ಎರಡು ಸಲ ಸರಿ ಮಾಡಿದ್ದೆ. ಎರಡೂ ಸಲ ವಾರದೊಳಗೆ ಕಳಚಿತ್ತು. ಆ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದಿದ್ದಳು.

"ಏನ್ ಕಡಿದ್ರಿ ಅಕ್ಕಾ? ಕಬ್ಬೋ, ಕಟಕ ರೊಟ್ಟಿಯೋ?"

"ಆಣಿ ಮಾಡ್ತೀನ್ರಿ ಡಾಕ್ಟ್ರೇ, ಮೆತ್ತನ್ನ ಅನ್ನ ಬಿಟ್ಟು ಏನೂ ತಿಂದಿಲ್ಲ."

ನಾನು ನಂಬಲಿಲ್ಲ. ಮುಖ ಗಂಟಿಕ್ಕಿಕೊಂಡೇ ಕುರ್ಚಿ ತೋರಿಸಿದೆ.

"ಮೂರಕ್ಕ ತಾಲೀಮು ಐತ್ರಿ. ಮಾಸ್ತರು ಇವತ್ತ ಕಡೀ ಸಲ ಕೇಳ್ತಾರಂತ. ಶಿಳ್ಳಿ ಬಂತಂದ್ರ ಪಾತ್ರ ಇನ್ನೊಬ್ಬಾಕಿಗೆ," ಎಂದು ತನ್ನ ಮಾತು ಹೇಳಿ ತೋರಿಸಿದಳು. "ಸುಳ್ಳು ಅಪವಾದ ಹೊರಿಸಿದವರೇ, ಸಭೆಯಲ್ಲಿ ಶಿರ ಬಾಗಿಸಿರಿ!" ಸಕಾರ ಬಂದಲ್ಲೆಲ್ಲ ಗಾಳಿ ಸುಯ್ಯೆಂದಿತು. ಹೊರಗೆ ಕಾಯುತ್ತಿದ್ದವರು ನಕ್ಕರು.

ಆಗ ಹನ್ನೊಂದೂವರೆ. ಅವಳ ಬಸ್ಸು ಒಂದಕ್ಕೆ. ಅಂಟಿನ ಬಾಟಲಿಯ ತಾರೀಖು ನೋಡಿದೆ, ಸರಿಯಿತ್ತು. ಒಂದು ಹನಿ ಸಿಮೆಂಟಿಗೆ ನೀಲಿ ದೀಪ ಹಿಡಿದೆ, ಕಲ್ಲಿನಂತೆ ಗಟ್ಟಿಯಾಯಿತು. ಹಲ್ಲು ಒಣಗಿಸುವ ಕೊಳವೆಯ ಗಾಳಿಯನ್ನು ಕನ್ನಡಿಗೆ ಊದಿದೆ, ಪಸೆಯ ಸುಳಿವೂ ಇರಲಿಲ್ಲ. ಎಂಜಲು ತಾಗಿದರೂ ಅಂಟು ಹಿಡಿಯದು, ಆದರೆ ಹಿಂದಿನ ಸಲಗಳಲ್ಲಿ ಹತ್ತಿ ಸರಿಯಾಗಿಯೇ ಇಟ್ಟಿದ್ದೆ. ಇನ್ನುಳಿದದ್ದು ಅವಳ ಬಾಯಿಯ ತಪ್ಪು ಎಂದು ತೀರ್ಮಾನಿಸಿಬಿಟ್ಟೆ.

ತುಟಿ ಸರಿಸಿ ಹತ್ತಿ ಇಡುವಾಗ ಕಪ್ಪಗಿನದೊಂದು ಚೂರು ಹತ್ತಿಗೆ ಅಂಟಿ ಬಂತು. ಲವಂಗ.

"ಇದೇನ್ರಿ ಇದು?"

ಅವಳು ನಾಚಿದಳು. ಹಲ್ಲು ಅಂಟಿಸಿಕೊಳ್ಳಲು ಬರುವಾಗೆಲ್ಲ ಬಸ್ಸು ಹತ್ತಿದಾಗಿನಿಂದ ಆ ಮುರಿದ ಹಲ್ಲಿಗೇ ಒಂದು ಲವಂಗ ಒತ್ತಿ ಹಿಡಿದು, ಕುರ್ಚಿ ಹತ್ತುವ ಮುಂಚೆ ನುಂಗಿಬಿಡುತ್ತಿದ್ದಳಂತೆ. ಇವತ್ತು ನನ್ನ ಮುಖ ಕಂಡು ಹೆದರಿ ಮರೆತಿದ್ದಳು.

ಲವಂಗದ ಎಣ್ಣೆ ತಾಗಿದರೆ ಈ ಅಂಟು ಪೂರಾ ಗಟ್ಟಿಯಾಗುವುದಿಲ್ಲ. ಅದು ನನಗೆ ಕಾಲೇಜಿನಿಂದಲೂ ಗೊತ್ತು. ಆದರೆ ನನ್ನ ದವಾಖಾನೆಯೇ ಲವಂಗದೆಣ್ಣೆ ನಾರುತ್ತದೆ, ನನ್ನ ಅಂಗಿ, ಬುತ್ತಿಡಬ್ಬಿ ಸಹಿತ. ಅವಳ ಬಾಯಿಯ ಘಮ ನನ್ನ ಮೂಗಿಗೆ ಬೇರೆಯಾಗಿ ತಿಳಿದೇ ಇರಲಿಲ್ಲ.

"ಯಾಕ್ ಹಾಕ್ಕೊಂಡ್ರಿ ಅಕ್ಕಾ?"

"ನೀವಾ ಹೇಳಿದ್ರಲ್ರಿ, ಮೊದಲ ದಿನ ಬರೀ ಹಲ್ಲು ತೋರ್ಸಾಕ ಬಂದಾಗ. ಬಾಯಿ ನಾರತೈತಿ, ಸ್ವಚ್ಛ ಮಾಡ್ಕೊಂಡು ಬರ್ರಿ ಅಂತ."

ಹೇಳಿದ್ದೆ. ಕಾಯುತ್ತ ಕುಳಿತವರೆಲ್ಲರಿಗೂ ಕೇಳುವಂತೆ ಹೇಳಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಕೆಲಸಕ್ಕೆ ಕೈ ಹಾಕಿದೆ. ಎಣ್ಣೆಯ ಜಿಡ್ಡು ಹೋಗುವಂತೆ ಹಲ್ಲನ್ನು ಪುಡಿ ಹಾಕಿ ಬ್ರಶ್ಶಿನಿಂದ ತಿಕ್ಕಿ, ತೊಳೆದು, ಅಂಟು ಕಚ್ಚಿ ಹಿಡಿಯಲೆಂದು ಆಸಿಡ್ ಹಚ್ಚಿ, ಮತ್ತೆ ತೊಳೆದು, ಒಣಗಿಸಿ ಅಂಟು ಸವರಿದೆ. ಸಿಮೆಂಟು ಕೂರಿಸಿ ದೀಪ ಹಿಡಿದೆ. ಒಂದಕ್ಕೆ ಐದು ನಿಮಿಷವಿದ್ದಾಗ ಅವಳು ಬಸ್‌ಸ್ಟ್ಯಾಂಡಿಗೆ ಓಡಿದಳು.

ಮೂರೂವರೆಗೆ ಫೋನು ಬಂತು. ಹಲೋ ಇಲ್ಲ, ಏನಿಲ್ಲ.

"ಸುಳ್ಳು ಅಪವಾದ ಹೊರಿಸಿದವರೇ, ಸಭೆಯಲ್ಲಿ ಶಿರ ಬಾಗಿಸಿರಿ!"

ಎಲ್ಲಿಯೂ ಗಾಳಿ ಸೋರಲಿಲ್ಲ.

"ಕೇಳಿಸ್ತೇನ್ರಿ ಡಾಕ್ಟ್ರೇ? ಪಾತ್ರ ನಂದಾ ಉಳೀತು!" ಎಂದು ನಕ್ಕಳು.

ಬೆಂಚಿನ ಮೇಲೆ ನಾಲ್ಕು ಜನ ಕುಳಿತಿದ್ದರು. ಅವರೆದುರೇ ನಾನು ಫೋನು ಹಿಡಿದು ತಲೆ ಬಾಗಿಸಿ ನಿಂತಿದ್ದೆ.