ಯಶೋಧರಾಳ ಮೂರು ಕೀಲಿಗಳು

ತಾಲೀಮಿನಲ್ಲಿ ಹಾಡನ್ನು ಮಾತಿನ ಹಾಗೆ ಒದರಿದರೆ ಹೇಗಿರುತ್ತದೆ ಎಂಬುದನ್ನು ಸಿರುಗುಪ್ಪದ ನಾಟಕದವರು ಕಣ್ಣಾರೆ ಕಂಡರು. ನಾಯಕನ ಪಾರ್ಟು ಅಕ್ಕಿ ಗಿರಣಿಯ ಹಮಾಲಿ ಉಚ್ಚಂಗೆಪ್ಪನದು. ಗಾದಿಲಿಂಗ ಮಾಸ್ತರು ಹಾರ್ಮೋನಿಯಂ ಮೇಲೆ ಬೆರಳಿಟ್ಟು ವಿರಹದ ಹಾಡಿಗೆ ಕಾಯುತ್ತಿದ್ದರೆ, ಈತ ಹುಣ್ಣಿಮೆಯ ಚಂದ್ರನ ಜೊತೆ ಜಗಳಕ್ಕೆ ನಿಂತವನಂತೆ ಕೈ ಬೀಸಿ ಕೂಗಿದ. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಅವನ ತಪ್ಪೇನೂ ಇರಲಿಲ್ಲ. ಹಾಡು ಹೊಸದು, ಕೈಗೆ ಕೊಟ್ಟ ಹಾಳೆಯಲ್ಲಿ ಅದು ಮಾತಿನ ಹಾಗೆಯೇ ಅಚ್ಚಾಗಿತ್ತು.

ಟೈಪು ಮಾಡಿದವಳು ಯಶೋಧರಾ. ಬಳ್ಳಾರಿಯ ಡಿಟಿಪಿ ಅಂಗಡಿಯಲ್ಲಿ ಕೆಲಸ, ಮನೆ ಕುರುಗೋಡಿನಲ್ಲಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡುಗಳ ನಡುವೆ ಅವಳ ಜೀವ ಹಿಗ್ಗುತ್ತಿದ್ದುದು ನಾಟಕದ ಕೆಲಸಕ್ಕೆ ಮಾತ್ರ. ಮಾಸ್ತರು ಹಾಳೆ ಹಿಡಿದವರೇ ಅಲ್ಲ. ಅಡ್ಡಾಡುತ್ತ ಬಾಯಲ್ಲೇ ನಾಟಕ ಕಟ್ಟುತ್ತಿದ್ದರು, ಇವಳು ತಾಲೀಮಿನ ಕೋಣೆಯಲ್ಲಿ ಕೂತು ಕೂಡಲೇ ಟೈಪು ಮಾಡಬೇಕು.

“ಇನ್ನೊಂದ್ ಸಲ ಹಿಂಗಾದ್ರ ನಾ ಬ್ಯಾರೆ ಅಂಗಡಿಗಿ ಹೋಗ್ತೀನಿ, ಯವ್ವಾ,” ಎಂದರು ಮಾಸ್ತರು. “ಸಿಟ್ಟಿಲ್ಲ ನನಗ. ಆದ್ರ ಉಚ್ಚಂಗೆಪ್ಪನ ಮಾರಿ ನೋಡಾಕ ಆಗ್ಲಿಲ್ಲ.”

ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಪ್ಪಿನ ಬೇರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯ ಕಂಪ್ಯೂಟರು, ಮನೆಯದು, ತಾಲೀಮಿನ ಕೋಣೆಯ ಲ್ಯಾಪ್‌ಟಾಪು, ಮೂರರಲ್ಲೂ ತಂತ್ರಾಂಶ ಒಂದೇ. ಅದರಲ್ಲಿ ಬರೀ ಬರೆಯುವುದಕ್ಕೆಂದೇ ಇರುವ ಪುಟಕ್ಕೆ ಹೋದರೆ ಪರದೆಯ ಮೇಲಿನ ಗುಂಡಿಗಳೆಲ್ಲ ಮಾಯವಾಗಿ ಬರೀ ಬಿಳಿ ಹಾಳೆ ಉಳಿಯುತ್ತದೆ. ಏನು ಮಾಡುವುದಿದ್ದರೂ ಕೀಲಿ ಒತ್ತಿಯೇ ಮಾಡಬೇಕು. ಆದರೆ ಅಂಗಡಿಯಲ್ಲಿ ಕಂಟ್ರೋಲ್ ಹಿಡಿದು ಎರಡರ ಅಂಕಿ ಒತ್ತಿದರೆ ಸಾಲು ಹಾಡಿನ ರೂಪಕ್ಕೆ, ಮಿಕ್ಕ ಎರಡು ಕಡೆ ಅದನ್ನೇ ಒತ್ತಿದರೆ ಮಾತಿನ ರೂಪಕ್ಕೆ ತಿರುಗುತ್ತಿತ್ತು. ಅಂಗಡಿಯದನ್ನು ಜೊತೆಯ ಕೆಲಸಗಾರ ತಿಪ್ಪೇಶ ಜೋಡಿಸಿದ್ದ, ಉಳಿದವನ್ನು ಇವಳೇ ತೋಚಿದ ಹಾಗೆ ಜೋಡಿಸಿದ್ದಳು. ಅಂಗಡಿಯ ಚಾಳಿ ಹಿಡಿದ ಬೆರಳು ಸಿರುಗುಪ್ಪದಲ್ಲಿ ಕೈಕೊಟ್ಟಿತ್ತು.

“ನೋಡ್ಕೊಂತ ಟೈಪ್ ಮಾಡಕ್ಕಾ, ಅಷ್ಟ,” ಎಂದ ತಿಪ್ಪೇಶ.

“ಮಾಸ್ತರು ನಿಂದ್ರಂಗಿಲ್ಲೋ. ನಾ ಪರದಿ ನೋಡ್ಕೊಂತ ಕುಂತ್ರ ಅಲ್ಲಿ ನಾಯಕಿ ಸತ್ತು ಸ್ವರ್ಗ ಸೇರಿರ್ತಾಳ.”

ಮೂರೂ ಕಡೆ ಒಂದೇ ಕೀಲಿ ಇರಬೇಕು, ಅದಾಗದೆ ಬಿಡುವುದಿಲ್ಲ ಎಂದು ಹಟ ತೊಟ್ಟಳು. ನೆನಪಿಗೆ ಸುಲಭವೆಂದು ಮೊದಲು ಪಾತ್ರದ ಹೆಸರಿಗೆ ಪಿ, ಹಾಡಿಗೆ ಎಚ್ ಎಂದುಕೊಂಡಳು. ಕಂಟ್ರೋಲ್ ಹಿಡಿದು ಪಿ ಒತ್ತಿದ್ದೇ ತಡ, ಪ್ರಿಂಟಿನ ಪೆಟ್ಟಿಗೆ ಪರದೆಯ ಮೇಲೆ ಬಂದು ಕೂತಿತು. ಎಚ್ ಒತ್ತಿದರೆ ಪದ ಹುಡುಕಿ ಬದಲಿಸುವ ಪೆಟ್ಟಿಗೆ.

“ಪ್ರಿಂಟ್‌ನ ಬ್ಯಾರೆ ಕೀಲಿಗಿ ಹಾಕೋಣು,” ಎಂದ ತಿಪ್ಪೇಶ.

“ಬ್ಯಾಡ. ನಾಳಿ ನೀನ ಒತ್ತಿ, ಪ್ರಿಂಟ್ ಬರವಲ್ದು ಅಂತ ನನ್ನನ್ನ ಬೈತಿ.”

ಎಲ್ಲರ ಕೈಗೂ ರೂಢಿಯಾದ ಕೀಲಿಯನ್ನು ಮುಟ್ಟಬಾರದು ಎಂದು ಅವಳು ನಿರ್ಧರಿಸಿದಳು. ಕೊನೆಗೆ ನಾಟಕ ನಡೆಯುವ ಕ್ರಮವನ್ನೇ ಹಿಡಿದಳು. ಮೊದಲು ಪಾತ್ರದ ಹೆಸರು, ಆಮೇಲೆ ಅವನ ಮಾತು, ಮಾತು ಸಾಲದಾದಾಗ ಹಾಡು. ಒಂದು, ಎರಡು, ಮೂರು. ಮೂರೂ ಎಡಗೈಗೆ ಎಟುಕುತ್ತಿದ್ದವು. ಮೂರೂ ಊರಿನ ಯಂತ್ರಗಳಲ್ಲಿ ಅದನ್ನೇ ಕೂರಿಸಿದಳು.

ಯಂತ್ರ ಒಪ್ಪಿತು, ಬೆರಳು ಒಪ್ಪಬೇಕಲ್ಲ! ಹುಟ್ಟುಗುಣ ಸುಟ್ಟರೂ ಹೋಗದು. ಹಾಡು ಬಂದಾಗಲೆಲ್ಲ ಬೆರಳು ಎರಡಕ್ಕೇ ಓಡುತ್ತಿತ್ತು. ಯಶೋಧರಾ ಬಿಡಲಿಲ್ಲ. ಕುರುಗೋಡಿನ ಬಸ್ಸಿನಲ್ಲಿ ತೊಡೆಯ ಮೇಲಿನ ಚೀಲಕ್ಕೇ ಒಂದು, ಎರಡು, ಮೂರು ಒತ್ತುತ್ತ ಕೂರುತ್ತಿದ್ದಳು.

“ಕೈ ನೋಯ್ತೈತೇನವ್ವಾ?” ಎಂದು ಪಕ್ಕದ ಮುದುಕಿ ಕೇಳಿದಳು.

“ಇಲ್ಲಬೇ, ಬುದ್ಧಿ ಕಲಿಸಾಕತ್ತೀನಿ.”

ಮತ್ತೆ ಸಿರುಗುಪ್ಪದಲ್ಲಿ ಮಾಸ್ತರು ಅಡ್ಡಾಡುತ್ತ ಹೊಸ ಸೀನು ಹೇಳಿದರು, ಅವಳು ಟೈಪು ಮಾಡಿಕೊಂಡಳು. ಆ ಹಾಳೆ ಹಿಡಿದು ಉಚ್ಚಂಗೆಪ್ಪ ನಿಂತ. ಮಾತು ಮುಗಿದ ಕಡೆ, ಹಾಡಿನ ಗುರುತಾಗಿ, ಅಕ್ಷರ ಓರೆಯಾಗಿ ಸಾಲು ಒಳಗೆ ಸರಿದಿತ್ತು. ಹಿಂದಿನ ನಗೆ ಅವನ ಕಿವಿಯಲ್ಲಿ ಇನ್ನೂ ಇತ್ತು. ಅಂಜುತ್ತಲೇ ಯಶೋಧರಾಳ ಕಡೆ ನೋಡಿದ.

“ಹಾಡಣ್ಣಾ, ಹಾಡ ಐತಿ,” ಎಂದಳು.

ಕಣ್ಣು ಮುಚ್ಚಿ ಅವನು ದನಿ ಎತ್ತಿದ. ಹಾರ್ಮೋನಿಯಂ ಅದನ್ನು ಎತ್ತಿಕೊಂಡಿತು. ಈ ಸಲ ಯಾರೂ ನಗಲಿಲ್ಲ. ಯಶೋಧರಾಳಿಗೆ ಅಳು ಬಂದೇಬಿಟ್ಟಿತು.

ಹಾಡು ಮುಗಿಯಿತು. ಮಾಸ್ತರು ಅವಳ ಕಡೆ ತಿರುಗದೆ ಎದ್ದು, ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡತೊಡಗಿದರು.

“ಮುಂದಿನ ಸೀನು ಬರಕೋ, ಯವ್ವಾ.”

ಅವಳ ಬೆರಳು ಆಗಲೇ ಒಂದನೇ ಕೀಲಿಯ ಮೇಲಿತ್ತು.