ಒಂದೇ ತಟ್ಟೆಯ ಕಡ್ಲೆಪುರಿ

ಅಪಘಾತವಾದ ದಿನ ನಾನು ಅಷ್ಟಾಗಿ ಹೆದರಲಿಲ್ಲ. ಹೆದರಿದ್ದು ಆಮೇಲೆ, ರಾಗಿ ಸರಿಯ ಬಟ್ಟಲಿನ ದಿನ.

ಕೂಸಿಗೆ ಆಗ ಏಳು ತಿಂಗಳು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ನಮ್ಮವರು ಒಲೆಯಿಂದ ಆಗತಾನೆ ಇಳಿಸಿದ ಸರಿಯನ್ನು ಸ್ಟೀಲ್ ಬಟ್ಟಲಿಗೆ ಬಗ್ಗಿಸಿಕೊಂಡು, ಬಲಗೈಯಲ್ಲಿ ಬಟ್ಟಲು ಹಿಡಿದು, ಕೂಸಿನ ಮುಂದೆ ಕುಳಿತಿದ್ದರು. ಕೈಯ ಕಟ್ಟು ಬಿಚ್ಚಿ ಕೆಲವು ವಾರಗಳಾಗಿದ್ದವು. ಬೆರಳುಗಳು ಮಡಚುತ್ತಿದ್ದವು. ಇನ್ನೇನು ಎಲ್ಲ ಸರಿಹೋಯಿತು ಎಂದು ನಾವು ಅಂದುಕೊಂಡಿದ್ದೆವು. ನಮ್ಮವ್ವ ಬಂದು ಬಟ್ಟಲು ಮುಟ್ಟಿದವಳೇ ಕೈ ಹಿಂದಕ್ಕೆ ಎಳೆದುಕೊಂಡಳು. ಸೆರಗು ಸುತ್ತಿ ಬಟ್ಟಲನ್ನು ಕಿತ್ತುಕೊಂಡಳು.

"ಕೆಂಡ ಇದ್ದಂಗದಲ್ಲವ್ವ ಇದು. ನಿಮ್ಮಪ್ಪ ಎಂಗ್ ಇಡ್ಕಂಡವ್ರೆ?" ಎಂದಳು, ಕೂಸಿಗೆ.

ನಮ್ಮವರು ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ತುದಿಗಳು ಕೆಂಪಗಾಗಿದ್ದವು. ಸಂಜೆಯ ಹೊತ್ತಿಗೆ ಬೊಬ್ಬೆ ಎದ್ದವು.

"ನಂಗೇನೂ ಆಯ್ತಿಲ್ವಲ್ಲ" ಎಂದರು.

ಬೆರಳಿಗೆ ಬಿಸಿ ಗೊತ್ತೇ ಆಗಿರಲಿಲ್ಲ.

ಅದಕ್ಕೆ ಮೂರು ತಿಂಗಳ ಹಿಂದೆ ಅವರು ಯಳಂದೂರಿನಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಬರುತ್ತಿದ್ದರು. ಮಾಂಬಳ್ಳಿ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಬೈಕ್ ಮಣ್ಣಿಗಿಳಿದು ಜಾರಿತು. ತಲೆಗೆ ಹೆಲ್ಮೆಟ್ ಇತ್ತು. ಊರಿಕೊಂಡ ಬಲಗೈ ಮಾತ್ರ ಯಾರೋ ಕುಡಿದು ಒಡೆದು ಎಸೆದಿದ್ದ ಬಾಟಲಿಯ ಮೇಲೆ ಬಿತ್ತು. ಮಣಿಕಟ್ಟು ಕುಯ್ದುಹೋಯಿತು. ಅಲ್ಲಿದ್ದವರು ಟವೆಲ್ ಬಿಗಿದು ಆಟೋ ಹತ್ತಿಸಿದರು. ಇಲ್ಲಿ ಕೊಳ್ಳೇಗಾಲದ ಆಸ್ಪತ್ರೆಯಿಂದ ಮೈಸೂರಿಗೆ ಕಳಿಸಿದರು. ಟೆಂಡನ್ ಕಟ್ ಆಗಿದೆ, ನರವೂ ಕಟ್ ಆಗಿದೆ ಎಂದು ಆಪರೇಷನ್ ಮಾಡಿ ಜೋಡಿಸಿದರು. ಜೀವಕ್ಕೆ ಏನೂ ಇಲ್ಲ ಎಂದರು. ನಾನು ಆ ಒಂದು ಮಾತನ್ನೇ ಹಿಡಿದುಕೊಂಡು ಮೂರು ತಿಂಗಳು ಕಳೆದಿದ್ದೆ.

ಬೊಬ್ಬೆ ಎದ್ದ ಕೈಯನ್ನು ಡಾಕ್ಟರಿಗೆ ತೋರಿಸಿದೆವು. ಅವರು ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟಿದರು, ಪಿನ್ನಿನಿಂದ ಚುಚ್ಚಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಮೂರಕ್ಕೂ ಏನೂ ತಿಳಿಯಲಿಲ್ಲ.

"ನರ ಜೋಡಿಸಿದ್ದೇವೆ. ಆದರೆ ಅದು ಮಣಿಕಟ್ಟಿನಿಂದ ಬೆರಳ ತುದಿವರೆಗೆ ಹೊಸದಾಗಿ ಬೆಳೀಬೇಕು. ದಿನಕ್ಕೆ ಒಂದು ಎಳ್ಳಿನಷ್ಟೂ ಬೆಳೆಯಲ್ಲ. ಕಾಯಬೇಕು" ಎಂದರು.

"ಅಚ್ಚು ಕೆಚ್ಬೋದಾ ಸಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಮ್ಮವರು ಎಡಗೈ ಬೆರಳಲ್ಲಿ ಗಾಳಿಯಲ್ಲೇ ಹೊಸೆದು ತೋರಿಸಿದರು. ಮಗ್ಗದಲ್ಲಿ ಅಚ್ಚು, ಅಂದರೆ ಉದ್ದಕ್ಕೆ ಹಾಸಿದ ದಾರ, ಮುಗಿಯುತ್ತ ಬಂದಾಗ, ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯ ತುದಿಯನ್ನು ಸೇರಿಸಿ ಹೊಸೆದು ಜೋಡಿಸಬೇಕು. ಅದೇ ಕೆಚ್ಚುವುದು. ಒಂದು ರೇಷ್ಮೆ ಸೀರೆಯ ಅಚ್ಚಿಗೆ ಸಾವಿರಾರು ಎಳೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳೆ ಇದೆಯೋ ಇಲ್ಲವೋ ಎಂಬುದನ್ನು ಚರ್ಮದಿಂದಲೇ ತಿಳಿಯಬೇಕು. ನಮ್ಮವರಿಗೆ ಹದಿನೈದನೇ ವಯಸ್ಸಿನಿಂದ ಬೇರೆ ಕೆಲಸ ಗೊತ್ತಿಲ್ಲ.

ಡಾಕ್ಟರು ಪಿನ್ನನ್ನು ಟ್ರೇಗೆ ಹಾಕಿದರು. "ಲೋಟ ಹಿಡೀಬಹುದು, ಬೈಕ್ ಓಡಿಸಬಹುದು. ಈ ಕೆಲಸದ ಬಗ್ಗೆ ಈಗಲೇ ನಾನು ಮಾತು ಕೊಡೋಕಾಗಲ್ಲ."

ಬಸ್ಸಿನಲ್ಲಿ ಬರುವಾಗ ಅವರು ದಾರಿಯುದ್ದಕ್ಕೂ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಸುಕಿ ನೋಡುತ್ತಿದ್ದರು.

ಇಲ್ಲಿ ನಮ್ಮವ್ವನ ಬಗ್ಗೆ ಹೇಳಬೇಕು. ಇದನ್ನು ಬರೆಯಲು ಕುಳಿತದ್ದೇ ಅವಳಿಗಾಗಿ. ಕೂಸು ಎಂಟನೇ ತಿಂಗಳಿಗೇ ಹುಟ್ಟಿದ್ದರಿಂದ ಆಸ್ಪತ್ರೆ ಹತ್ತಿರವಿರಲಿ ಎಂದು ಅವಳೇ ತನ್ನ ಊರು ಬಂಡಳ್ಳಿಯಿಂದ ನಮ್ಮ ಮನೆಗೆ ಬಂದು ಬಾಣಂತನ ಮಾಡಿದಳು. ಅದು ಮುಗಿಯುವಷ್ಟರಲ್ಲಿ ಅಳಿಯನ ಕೈ ಹೀಗಾಯಿತು. ಹಾಗೇ ಉಳಿದಳು.

ಅವಳು ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಮ್ಮ ಕಡೆ ಹಳೆಯ ಹೆಂಗಸರು ಹಾಗೇ. ಅಳಿಯ ಬಂದರೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಾರೆ. ಮೊದಲೆಲ್ಲ ನಾನೇ ಇಬ್ಬರ ನಡುವೆ ಮಾತು ಮುಟ್ಟಿಸುತ್ತಿದ್ದೆ. ಕೂಸು ಹುಟ್ಟಿದ ಮೇಲೆ ಆ ಕೆಲಸ ಕೂಸಿಗೆ ಹೋಯಿತು. ಹೇಳುವುದು ಕೂಸಿಗೆ, ಕೇಳಿಸಿಕೊಳ್ಳಬೇಕಾದವರು ಅಳಿಯ. ನಮ್ಮವರೂ ಹಾಗೇ ಕಲಿತರು. ಅಡುಗೆಮನೆಯಲ್ಲಿ ಅವಳು, ನಡುಮನೆಯಲ್ಲಿ ಇವರು, ಚಾಪೆಯ ಮೇಲೆ ಏನೂ ತಿಳಿಯದ ಕೂಸು. ಜಗಳವೂ ಅದರ ಮೂಲಕವೇ.

ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಇಷ್ಟು. ತಟ್ಟೆಯಲ್ಲಿ ಅಕ್ಕಿ, ಮಣಿ, ಬಟ್ಟೆಚೂರು ಹರಡಿಕೊಂಡು, ಕಣ್ಣು ಮುಚ್ಚಿ, ಮುಟ್ಟಿ ಏನೆಂದು ಹೇಳಬೇಕು. ಎರಡು ಬೆರಳಲ್ಲಿ ಒಂದೊಂದೇ ಎತ್ತಿಡಬೇಕು. ನಮ್ಮವರು ಎರಡು ದಿನ ಮಾಡಿ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟರು. ಮಕ್ಕಳಾಟ ಎಂದರು. ಅವರ ನಾಚಿಕೆ ನನಗೆ ಅರ್ಥವಾಗುತ್ತಿತ್ತು. ರೇಷ್ಮೆ ಎಳೆ ಹೊಸೆದ ಬೆರಳಿನಿಂದ ಮಣಿ ಜಾರಿ ಬೀಳುತ್ತಿತ್ತು.

ಅದೇ ವಾರ ಕೂಸನ್ನು ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಸಣ್ಣ ವಸ್ತುಗಳನ್ನು ಎರಡು ಬೆರಳಲ್ಲಿ ಹಿಡಿಯುತ್ತಾಳಾ ಎಂದು ಕೇಳಿದರು. ಇಲ್ಲ, ಅಂಗೈಯಲ್ಲಿ ಗೋರುತ್ತಾಳೆ ಎಂದೆ. ಬೇಗ ಹುಟ್ಟಿದ ಮಗು, ಸ್ವಲ್ಪ ತಡವಾಗಬಹುದು, ಮೆತ್ತಗಿರುವುದೇನಾದರೂ ಮುಂದೆ ಹರಡಿ ನೀವು ಜೊತೆಯಲ್ಲೇ ಕುಳಿತಿರಿ ಎಂದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಗೋಡೆಗೊರಗಿದ್ದ ತಟ್ಟೆಯನ್ನೇ ತೆಗೆದು, ಕಡ್ಲೆಪುರಿ ಸುರಿದು, ನಡುಮನೆಯಲ್ಲಿಟ್ಟಳು. ಕೂಸನ್ನು ಒಂದು ಕಡೆ ಕೂರಿಸಿದಳು. ಇನ್ನೊಂದು ಕಡೆ ಮಣೆ ಹಾಕಿದಳು.

"ಕೂಸೇ, ನಿಮ್ಮಪ್ಪುಂಗೆ ಯೋಳು. ನಿಂಗೂ ಅವ್ರಿಗೂ ಒಂದೇ ಪಾಠ ಕೊಟ್ಟವ್ರಂತೆ. ಒಂದೇ ತಟ್ಟೆ ಸಾಕು."

ನಮ್ಮವರು ಟಿವಿ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಕೂಸಿನ್ ಮುಂದ ಕೂತ್ಕಳಕೆ ನಾಚ್ಕ ಆದ್ರ ಕಣ್ಮುಚ್ಕಳ್ಳಿ ಅನ್ನವ್ವ. ಡಾಕ್ಟ್ರೂ ಅಂಗೇ ಯೋಳವ್ರಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ಟಿವಿ ಆರಿಸಿ ಬಂದು ಮಣೆಯ ಮೇಲೆ ಕುಳಿತರು.

ಅಂದಿನಿಂದ ದಿನವೂ ಅದೇ. ಕೂಸು ಅಂಗೈಯಿಂದ ಗೋರಿ ಚೆಲ್ಲುತ್ತಿತ್ತು. ಅವರು ಒಂದೊಂದೇ ಪುರಿ ಎತ್ತಲು ಹೋಗಿ ಪುಡಿ ಮಾಡುತ್ತಿದ್ದರು. ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಅವ್ವ ಅವರೆಕಾಯಿ ಸುಲಿಯುತ್ತ ಕಾಯುತ್ತಿದ್ದಳು. ಕೂಸಿನ ಬಾಯಿಗೆ ಹೆಚ್ಚು ಹೋಗದಂತೆ ನೋಡುತ್ತಿದ್ದಳು, ಅದರ ಮುಂದೆ ದಪ್ಪ ದಪ್ಪ ಪುರಿ ಸರಿಸುತ್ತಿದ್ದಳು.

"ನಿಮ್ಮಜ್ಜಿ ಮೋಸ ಮಾಡ್ತಾಳೆ ಕಣವ್ವ. ಚೆನ್ನಾಗಿರೋದೆಲ್ಲ ನಿನ್ ಕಡೀಕೆ" ಎಂದು ಇವರು ದೂರುತ್ತಿದ್ದರು.

"ನಿಮ್ಮಪ್ಪುಂಗೆ ಅಲ್ಲು ಬಂದದ, ನಿಂಗ್ ಬಂದಿಲ್ಲ. ಅದ್ಕೇ ಅನ್ನು."

ಕೂಸೇ ಮೊದಲು ಗೆದ್ದಿತು. ಒಂದು ಬೆಳಿಗ್ಗೆ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದೇ ಒಂದು ಪುರಿ ಎತ್ತಿ, ಅದನ್ನು ಬಹಳ ಹೊತ್ತು ನೋಡಿ, ಬಾಯಿಗೆ ಹಾಕಿಕೊಂಡಿತು. ಅವ್ವ ಸಜ್ಜಪ್ಪ ಮಾಡಿ ಅಕ್ಕಪಕ್ಕಕ್ಕೆಲ್ಲ ಹಂಚಿದಳು. ಬೋರಲು ಬಿದ್ದಾಗಲೂ, ಮೊದಲ ಸಲ ಕುಳಿತಾಗಲೂ ಅವಳು ಏನಾದರೊಂದು ಮಾಡಿದ್ದಳು. ಏನಕ್ಕೆ ಎಂದು ಪಕ್ಕದ ಮನೆಯವರು ಕೇಳಿದರೆ, "ನಮ್ಮ ಕೂಸು ಕಡ್ಲೆಪುರಿ ಎತ್ತುದ್ಲು" ಎಂದಳು. ಅವರು ನಕ್ಕರು. ಅವಳು ನಗಲಿಲ್ಲ.

ಆಮೇಲೆ ಕೂಸಿನ ಕಿವಿಯ ಹತ್ತಿರ ಬಾಯಿಟ್ಟು, ಆದರೆ ನಡುಮನೆಗೆಲ್ಲ ಕೇಳುವಂತೆ ಹೇಳಿದಳು. "ನಿಮ್ಮಪ್ಪ ಒಂದ್ ರೇಷ್ಮೆ ಅಚ್ಚು ಕೆಚ್ಚುದ್ ದಿನ ಕಾಯೊಬ್ಬಟ್ಟು ಬೇಯ್ಸ್ತೀನಿ. ಹಂಚಿನ್ ಮೇಲಿಂದ ನೇರ ಅವ್ರ ತಟ್ಟೆಗೆ. ಯೋಳ್ಬುಡು."

ರಾಗಿ ಕುಯ್ಲಿಗೆ ಊರಿಗೆ ಹೋಗಿ ಬರುತ್ತೇನೆಂದು ಹೊರಟಳು. ಬಸ್ಸಿನ ಕಿಟಕಿಯಿಂದ ಕೂಸಿಗೆ ಕೈ ಬೀಸಿದಳು. ಮೂರನೇ ದಿನ ಬೆಳಿಗ್ಗೆ ಎದೆ ಹಿಡಿದಂತಾಯಿತಂತೆ. ಗ್ಯಾಸು ಎಂದು ಬಿಸಿನೀರು ಕುಡಿದಳಂತೆ. ಊರಲ್ಲಿದ್ದ ನನ್ನ ತಮ್ಮ ಅವಳನ್ನು ಹನೂರು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲಿಂದ ಫೋನ್ ಮಾಡಿದ. ಇಸಿಜಿ ತೆಗೀತಾ ಇದಾರೆ ಎಂದ. ನಾವು ಆಟೋಗೆ ಹೇಳಿ, ಕೂಸಿಗೆ ಸ್ವೆಟರ್ ಹಾಕುವಷ್ಟರಲ್ಲಿ ಮತ್ತೆ ಫೋನ್ ಬಂತು.

ಅವ್ವ ಇಲ್ಲ.

ಆ ದಿನಗಳ ಬಗ್ಗೆ ನನಗೆ ಹೆಚ್ಚು ಬರೆಯಲು ಬರುವುದಿಲ್ಲ. ಎಲ್ಲರ ಕಾಯಿಲೆಯನ್ನೂ ನೋಡಿಕೊಂಡವಳ ಕಾಯಿಲೆ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಬಂಡಳ್ಳಿಯ ಮನೆಯಲ್ಲಿ ನೆಂಟರು ತುಂಬಿದ್ದರು. ನಮ್ಮವರು ಒಂದು ಮೂಲೆಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದರು. ಕೂಸಿನ ಜೊತೆಗೂ ಮಾತಿಲ್ಲ. ಆ ದಾರಿಯಲ್ಲಿ ಮಾತು ಹೋಗಿ ಸೇರಬೇಕಾದ ಮನುಷ್ಯಳೇ ಇರಲಿಲ್ಲ.

ತಿಥಿಯ ಬೆಳಿಗ್ಗೆ ದೀಪಕ್ಕೆ ಬತ್ತಿ ಸಾಲದೆ ಬಂತು. ಹೆಂಗಸರೆಲ್ಲ ಅಡುಗೆಯಲ್ಲಿದ್ದರು. ಯಾರೋ ಹತ್ತಿಯ ಉಂಡೆಯನ್ನು ನಮ್ಮವರ ಮುಂದಿಟ್ಟು ಹೋದರು. ಅವರ ಕೈಯ ವಿಷಯ ಆ ಮನುಷ್ಯನಿಗೆ ಗೊತ್ತಿತ್ತೋ ಇಲ್ಲವೋ. ನಾನು ಎದ್ದು ತೆಗೆದುಕೊಳ್ಳಲು ಹೋದೆ. ಬೇಡ ಎಂದು ತಲೆಯಾಡಿಸಿದರು. ಅವ್ವನ ಫೋಟೊದ ಮುಂದೆ ಕುಳಿತು ಹೊಸೆಯತೊಡಗಿದರು. ಮೊದಲ ಬತ್ತಿ ಗಂಟುಗಂಟಾಯಿತು. ಎರಡನೆಯದೂ ಹಾಗೇ. ಆಮೇಲಿನದು ಪರವಾಗಿಲ್ಲ ಎನ್ನುವಂತಿತ್ತು. ಅದನ್ನು ಹಣತೆಯ ಎಣ್ಣೆಯಲ್ಲಿ ಅದ್ದಿದರು. ಅದ್ದಿದ ಕೈ ಅಲ್ಲೇ ನಿಂತಿತು.

"ಶೋಭಾ."

"ಏನ್ರೀ?"

"ಎಣ್ಣೆ ತಣ್ಣಗದೆ."

ನಾನು ಅವರ ಪಕ್ಕ ಕುಳಿತುಬಿಟ್ಟೆ. ಮತ್ತೆ ಅದ್ದಿದರು. ಎಡಗೈ ಬೆರಳನ್ನೂ ಅದ್ದಿ ಹೋಲಿಸಿ ನೋಡಿದರು. ಹೌದು, ಬಲಗೈಯ ತೋರುಬೆರಳಿಗೆ ತಣ್ಣಗೆ ಅನ್ನಿಸುತ್ತಿತ್ತು. ಬಹಳ ದೂರದಿಂದ ಬಂದ ಹಾಗೆ, ಆದರೆ ತಣ್ಣಗೆ. ನಾವಿಬ್ಬರೂ ಅತ್ತೆವು. ನೋಡಿದವರು ಅವ್ವನಿಗಾಗಿ ಎಂದುಕೊಂಡಿರಬೇಕು. ಅದೂ ಸುಳ್ಳಲ್ಲ.

ಕೊಳ್ಳೇಗಾಲಕ್ಕೆ ಮರಳಿದ ಮೇಲೆ ತಟ್ಟೆ ಮತ್ತೆ ನಡುಮನೆಗೆ ಬಂತು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಕಡ್ಲೆಪುರಿಯ ನಂತರ ರಾಗಿಕಾಳು, ಆಮೇಲೆ ಹೊಲಿಗೆ ದಾರ, ಕೊನೆಗೆ ರೇಷ್ಮೆ ಎಳೆ. ಬೆರಳುಗಳಲ್ಲಿ ಇರುವೆ ಹರಿದಂತಾಗುತ್ತಿತ್ತು. ಕೆಲವು ದಿನ ಕರೆಂಟ್ ಹೊಡೆದ ಹಾಗೆ. ಅದು ಒಳ್ಳೆಯ ಲಕ್ಷಣ ಎಂದರು ಡಾಕ್ಟರು. ಕೂಸು ಅಷ್ಟರಲ್ಲಿ ಗೋಡೆ ಹಿಡಿದು ನಿಂತಿತು, ಗೋಡೆ ಬಿಟ್ಟು ನಡೆಯಿತು. ಪ್ರತಿಯೊಂದಕ್ಕೂ ನಾನು ಏನಾದರೂ ಸಿಹಿ ಮಾಡಿದೆ. ಅವ್ವನ ಕೈರುಚಿ ಬರಲಿಲ್ಲ. ಆದರೂ ಹಂಚಿದೆ.

ಹೋದ ತಿಂಗಳು ಮಗ್ಗದ ಯಜಮಾನರು ನಂಜುಂಡಣ್ಣ ಮನೆಗೇ ಬಂದರು. "ಏನ್ಲಾ ಸಿದ್ದರಾಜು, ಕೂಸು ಆಡ್ಸ್ಕಂಡೇ ಇದ್ದೀಯಾ, ಕೆಲ್ಸಕ್ ಬತ್ತೀಯಾ? ಒಂದ್ ರೇಷ್ಮೆ ಅಚ್ಚದೆ. ಕೆಟ್ರೆ ಕೆಡ್ಲಿ, ಬಾ."

"ಕೆಡಲ್ಲ ಕಣಣ್ಣ" ಎಂದರು ನಮ್ಮವರು. ಹಾಗೆ ಅಂದವರ ಮುಖ ಬಿಳುಚಿತ್ತು.

ಮೊದಲೆಲ್ಲ ಒಂದು ಹಗಲಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಮೂರು ಹಗಲು ಹಿಡಿಯಿತು. ಕೊನೆಯ ದಿನ ನಾನು ಕೂಸನ್ನು ಎತ್ತಿಕೊಂಡು ಬುತ್ತಿ ತೆಗೆದುಕೊಂಡು ಹೋದೆ. ಅವರು ಮಗ್ಗದ ಹಿಂದೆ ಕುಳಿತಿದ್ದರು. ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ಬೂದಿ. ಕಣ್ಣು ಮುಚ್ಚಿದ್ದವು. ಬೆರಳು ಹೋಗುತ್ತಿತ್ತು, ಹೊಸೆಯುತ್ತಿತ್ತು, ಬಿಡುತ್ತಿತ್ತು, ಮುಂದಿನ ಎಳೆಗೆ ಹೋಗುತ್ತಿತ್ತು. ಕೊನೆಯ ಎಳೆಯೂ ಸೇರಿತು. ಇನ್ನು ಉಳಿದದ್ದು ಎಳೆಯುವುದು. ಜೋಡಿಸಿದ ಅಷ್ಟೂ ಎಳೆಗಳನ್ನು ಒಟ್ಟಿಗೆ ಹಣಿಗೆಯ ಹಲ್ಲುಗಳ ನಡುವಿನಿಂದ ಮುಂದಕ್ಕೆ ತರಬೇಕು. ಸರಿಯಾಗಿ ಕೆಚ್ಚದಿದ್ದರೆ ಅಲ್ಲೇ ಪಟಪಟ ಬಿಟ್ಟುಕೊಳ್ಳುತ್ತವೆ.

ನಂಜುಂಡಣ್ಣ ಮುಂದೆ ನಿಂತು ಮೆಲ್ಲಗೆ ಎಳೆದರು. ನಾನು ನೋಡಲಾಗದೆ ಕೂಸಿನ ತಲೆಯ ಮೇಲೆ ಮುಖ ಇಟ್ಟೆ. ಪಟಪಟ ಶಬ್ದಕ್ಕಾಗಿ ಕಾದೆ.

ಶಬ್ದ ಬರಲಿಲ್ಲ.

"ಅಲ್ಲೊಂದ್ ಇಲ್ಲೊಂದ್ ಬುಟ್ಟದೆ ಅಷ್ಟೇಯ" ಎಂದರು ನಂಜುಂಡಣ್ಣ, ಹಣಿಗೆಯ ಮೇಲೆ ಬಗ್ಗಿ. "ಇಷ್ಟ್ ದಿನ ಕೂತ್ಕಂಡು ತಿಂದೋನು ಇನ್ಮೇಲೆ ನೆಪ ಯೋಳಂಗಿಲ್ಲ ಕಣ್ಲಾ." ಹಾಗೆ ಹೇಳಿ ಇವರ ಬಲಗೈ ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಡಲಿಲ್ಲ.

ಎಲ್ಲವೂ ಮೊದಲಿನಂತಾಗಿದೆ ಎಂದು ಹೇಳಲಾರೆ. ನಡುಬೆರಳ ತುದಿ ಇನ್ನೂ ಮರಗಟ್ಟಿದೆ, ಹಾಗೇ ಉಳಿಯಬಹುದು ಎಂದಿದ್ದಾರೆ. ಚಳಿಯ ಬೆಳಿಗ್ಗೆ ಕೈ ಸೆಟೆದುಕೊಳ್ಳುತ್ತದೆ. ಕೂಸು ಇನ್ನೂ ತೂಕದಲ್ಲಿ ಹಿಂದೆ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಯಾರೂ ಇಲ್ಲ ಎಂಬುದು ನನಗೆ ದಿನಕ್ಕೊಂದು ಸಲ ಹೊಸದಾಗಿ ತಿಳಿಯುತ್ತದೆ. ಆದರೂ ಅವರು ಕೆಲಸಕ್ಕೆ ಹೋಗುತ್ತಾರೆ. ಕೂಸು ಬಾಗಿಲವರೆಗೂ ನಡೆದು ಹೋಗಿ ಕಳಿಸುತ್ತದೆ. ಇಷ್ಟು ಸಿಕ್ಕಿದೆ.

ಅಚ್ಚು ಮುಗಿದ ಆ ಸಂಜೆ ನಾನು ಕಾಯೊಬ್ಬಟ್ಟು ಮಾಡಿದೆ. ಅಪ್ಪ ಮಗಳು ಅದೇ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಹಂಚಿನ ಮೇಲಿಂದ ನೇರ ಅವರ ಮುಂದೆ ಹಾಕಿದೆ. ಅವರು ಬಲಗೈಯಿಂದ ಮುರಿಯಲು ಹೋದವರು ಪಕ್ಕನೆ ಕೈ ತೆಗೆದು ಕೊಡವಿದರು. ಬೆರಳುಗಳನ್ನು ಬಾಯಿಗಿಟ್ಟುಕೊಂಡರು. ಆಮೇಲೆ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು, ನಗುತ್ತಿದ್ದರು.

ಎಷ್ಟೋ ತಿಂಗಳ ಮೇಲೆ, ಕೂಸಿನ ಕಡೆ ತಿರುಗಿ, ಅಡುಗೆಮನೆಗೆ ಕೇಳುವಂತೆ ಹೇಳಿದರು.

"ನಿಮ್ಮಜ್ಜಿಗೆ ಯೋಳು ಕೂಸೇ. ಒಬ್ಬಟ್ಟು ಸುಡ್ತದೆ ಅಂತ."