ಸೀಟು ಬಿಡದ ಮನುಷ್ಯ

ನಮ್ಮಪ್ಪ ಬಸ್ಸಿನಲ್ಲಿ ಕೂತು ಊರು ತಲುಪಿದ್ದನ್ನು ನಾನು ನೋಡಿದ್ದು ಕಡಿಮೆ. ಸಂತೆ ಮುಗಿಸಿ ಹತ್ತಿದಾಗ ಸೀಟೇನೋ ಸಿಗುತ್ತಿತ್ತು. ಯಾರಾದರೂ ಹೆಂಗಸು ಬಂದು ಕಂಬಿ ಹಿಡಿದು ನಿಂತರೆ ಸಾಕು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದ. ಅದೇ ಅಪ್ಪ ಮನೆಗೆ ಬಂದ ಮೇಲೆ ಅವ್ವ ಉಂಡಳೋ ಇಲ್ಲವೋ ಎಂದು ಕೇಳಿದ್ದು ನನಗೆ ನೆನಪಿಲ್ಲ. ಹಾಗಾಗಿ ಹಿಂದಿನ ಗಂಡಸರ ಮರ್ಯಾದೆಯನ್ನು ಯಾರಾದರೂ ಹೊಗಳಿದರೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಈಗ ನಾನು ಮಾಗಡಿಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಗುಡೇಮಾರನಹಳ್ಳಿ ಕಡೆಯ ನಮ್ಮೂರಿಗೆ ಸಂಜೆ ಬಸ್ಸಿನಲ್ಲಿ ವಾಪಸಾಗುತ್ತೇನೆ. ಹೆಂಗಸರ ಪ್ರಯಾಣಕ್ಕೆ ಕಾಸು ತೆಗೆದುಕೊಳ್ಳುವುದು ನಿಂತ ಮೇಲೆ ಬಸ್ಸಿನೊಳಗಿನ ಮಾತು ಒರಟಾಗಿದೆ. ಸೀಟು ಬಿಡುವುದಿರಲಿ, ನಿಂತವರನ್ನು ನೋಡುವ ಕಣ್ಣೇ ಬೇರೆಯಾಗಿದೆ.

ಕಳೆದ ವರ್ಷ ಅವರೆಕಾಯಿ ಕಾಲದ ಒಂದು ಸಂಜೆ, ನಾನೂ ನಿಂತೇ ಬರುತ್ತಿದ್ದ ತುಂಬಿದ ಬಸ್ಸಿಗೆ ಬಸುರಿಯೊಬ್ಬಳು ಹತ್ತಿದಳು. ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದಳು. ನಮ್ಮ ಪಕ್ಕದೂರಿನ ಸೊಸೆ, ನನಗೆ ಮುಖಪರಿಚಯವಿತ್ತು. ಅವಳು ನಿಂತಿದ್ದ ಜಾಗದ ಪಕ್ಕದ ಸೀಟಿನಲ್ಲಿ ಫ್ಯಾಕ್ಟರಿ ಯೂನಿಫಾರಂ ತೊಟ್ಟ, ನಲವತ್ತರ ಆಸುಪಾಸಿನ ಗಂಡಸು ಕೂತಿದ್ದ.

"ಒಸಿ ಎದ್ದೇಳಪ್ಪ, ಬಸುರಿ ಹೆಣ್ಮಗಳು," ಅಂದೆ.

"ಟಿಕೆಟ್ ತಕ್ಕಂಡಿರೋನು ನಾನು ಮೇಡಂ. ಫ್ರೀಯಾಗಿ ಬರೋರು ನಿಂತ್ಕಂಡ್ ಬರ್ಲಿ," ಅಂದ ಆತ.

ಹಿಂದಿನಿಂದ ಒಂದಷ್ಟು ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಬುಡಿ ಮೇಡಂ, ಇನ್ನೇನ್ ಬಂದೇ ಬುಡ್ತು," ಎಂದು ಹುಡುಗಿಯೇ ನನ್ನನ್ನು ಸಮಾಧಾನ ಮಾಡಿದಳು. ಮುಂದೆ ಕೂತಿದ್ದ ಹೂ ಮಾರುವ ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು, ಸರಿದು, ಅವಳಿಗೆ ಅರ್ಧ ಸೀಟು ಕೊಟ್ಟಳು.

ಊರು ಇನ್ನೂ ದೂರವಿರುವಾಗಲೇ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಯಾವಾಗ ಬರುತ್ತದೋ ಡ್ರೈವರಿಗೂ ಗೊತ್ತಿರಲಿಲ್ಲ. ಕೆಲವರು ಬೈಕುಗಳಿಗೆ ಕೈ ಅಡ್ಡ ಹಾಕಿ ಹೋದರು. ಹುಡುಗಿಯ ಗಂಡನ ಫೋನು ಸಿಗಲಿಲ್ಲ. ಬಂಡೆಗಳ ನಡುವಿನ ಒಳದಾರಿಯಲ್ಲಿ ಹೋದರೆ ಅವಳ ಊರು ಹತ್ತಿರ. ಹೊತ್ತು ಮುಳುಗುವುದರೊಳಗೆ ಮುಟ್ಟೋಣ ಎಂದು ನಾವಿಬ್ಬರೂ ಹೊರಟೆವು.

"ನಿಂತ್ಕಳಿ!"

ತಿರುಗಿ ನೋಡಿದರೆ ಅದೇ ಮನುಷ್ಯ. ಕೈಯಲ್ಲಿ ಆಗತಾನೇ ಮುರಿದ ಹೊಂಗೆ ಕೋಲು.

"ಮೊನ್ನೆ ಈ ದಾರೀಲೇ ಚಿರತೆ ನಾಯಿ ಹೊತ್ಕಂಡ್ ಹೋಗೈತೆ. ನಾನು ಮುಂದೆ ಹೋಯ್ತೀನಿ, ಹಿಂದೇನೇ ಬನ್ನಿ. ಆ ಬ್ಯಾಗ್ ಕೊಡವ್ವ ಇತ್ಲಾಗೆ."

ಆತನ ಊರು ಇದ್ದದ್ದು ರಸ್ತೆಯ ಆ ಕಡೆ, ಇದು ಆತನ ದಾರಿಯೇ ಅಲ್ಲ. ನನ್ನ ಸಿಟ್ಟಿನ್ನೂ ಇಳಿದಿರಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಕೇಳಿಯೇಬಿಟ್ಟೆ: "ಬಸ್ಸಲ್ಲಿ ಎದ್ದೇಳೋಕಾಗ್ಲಿಲ್ಲ, ಇಷ್ಟು ದೂರ ನಡೆಯೋಕಾಯ್ತದಾ?"

ಆತ ತಿರುಗಲಿಲ್ಲ. "ಬೆಳಗ್ಗಿಂದ ಮಿಷನ್ ಮುಂದೆ ನಿಂತೇ ಇದ್ದೆ ಮೇಡಂ. ಕಾಲು ಊದ್ಕಂಡೈತೆ. ಆದ್ರೂ ಹಂಗನ್ಬಾರ್ದಾಗಿತ್ತು. ಬಾಯಿಗ್ ಬಂದಂಗೆ ಅಂದ್ಬುಟ್ಟೆ."

"ನಂದೂ ಊದ್ಕಂಡೈತೆ ಕಣಣ್ಣ, ಒಸಿ ನಿಧಾನಕ್ಕೆ ನಡೀರಿ," ಅಂದಳು ಹುಡುಗಿ.

ಮೂವರೂ ನಕ್ಕೆವು. ಆತ ಹೆಜ್ಜೆ ನಿಧಾನ ಮಾಡಿದ.

ಬಂಡೆಯ ತಿರುವಿನಲ್ಲಿ ಪೊದೆ ಅಲ್ಲಾಡಿತು. ಆತ ನಮ್ಮಿಬ್ಬರಿಗೂ ಅಡ್ಡ ಬಂದು ಕೋಲೆತ್ತಿ ನಿಂತ. ಆ ಕೋಲು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಹೊರಗೆ ಬಂದದ್ದು ಹಗ್ಗ ಎಳೆದುಕೊಂಡ ಒಂದು ಮೇಕೆ. ಆತ ಬೆವರು ಒರೆಸಿಕೊಂಡ. ಅಷ್ಟು ಹೆದರಿದ್ದರೂ ಹಿಂದಕ್ಕೆ ಸರಿಯಲಿಲ್ಲವಲ್ಲ ಎನ್ನಿಸಿ ನನ್ನ ಸಿಟ್ಟು ಅಲ್ಲಿಗೆ ಹೋಯಿತು.

ಹುಡುಗಿಯ ಮನೆ ಮುಟ್ಟಿದಾಗ ಮಬ್ಬುಗತ್ತಲೆ. ಆತ ಬ್ಯಾಗನ್ನು ಜಗಲಿಯ ಮೇಲಿಟ್ಟು ಹಾಗೇ ಹಿಂದಿರುಗಲು ಹೊರಟ. ಹುಡುಗಿ ಬಿಡಲಿಲ್ಲ.

"ಒಬ್ರೇ ಹೋಯ್ತೀರಾ? ಚಿರತೆ ನಿಮಗೇನೂ ಮಾಡಲ್ವಾ?"

"ನಾನು ಗಂಡಸು ಕಣವ್ವ."

ಬಾಗಿಲಿಗೆ ಬಂದ ಅವಳ ಅತ್ತೆ, "ಅದೇನು ಕೇಳ್ಕಂಡು ಬಾಯಿ ಹಾಕ್ತದಾ? ಕೂತ್ಕಳಪ್ಪ ಸುಮ್ಕೆ. ನನ್ ಮಗ ಬಂದು ಗಾಡೀಲಿ ಬುಟ್ ಬತ್ತಾನೆ," ಅಂದರು. ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ ತಂದು ಅದರೊಳಗೆ ಕಾಲು ಇಳಿಬಿಡಲು ಹೇಳಿದರು. ಆತ ಸಂಕೋಚದಿಂದ ಪ್ಯಾಂಟು ಮಡಚಿದ. ಕಾಲು ನಿಜವಾಗಿಯೂ ಊದಿತ್ತು. ಸೊಸೆಗೂ ಪಕ್ಕದಲ್ಲೇ ಇನ್ನೊಂದು ಬಕೆಟ್ ಬಂತು. ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತಾ ಇಬ್ಬರೂ ಅಣ್ಣತಂಗಿಯರಂತೆ ಕಾಲುನೋವಿನ ಮಾತಾಡಿದರು. ಆಮೇಲೆ ಅವಳ ಗಂಡ ಬಂದು ಮೊದಲು ನನ್ನನ್ನು, ನಂತರ ಆತನನ್ನು ಊರಿಗೆ ಬಿಟ್ಟ.

ಮರ್ಯಾದೆಯ ಕಾಲ ಹೋಯಿತು ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ ಈಗ ನಾನು ಈ ಕಥೆ ಹೇಳುತ್ತೇನೆ. ಅಪ್ಪನಿಗೆ ಎದ್ದು ನಿಲ್ಲುವುದು ಗೊತ್ತಿತ್ತು, ಆದರೆ ಅವನ ಕಾಲು ನೋಯುತ್ತಿತ್ತೇ ಎಂದು ಯಾರೂ ಕೇಳಿರಲಾರರು. ಅವತ್ತು ಸೀಟು ಬಿಡದ ಆ ಮನುಷ್ಯ ಈಗಲೂ ಅದೇ ಬಸ್ಸಿನಲ್ಲಿ ಸಿಗುತ್ತಾನೆ. ಕೆಲವು ದಿನ ನನ್ನನ್ನು ಕಂಡು ಏಳುತ್ತಾನೆ. ಆತನ ಮುಖ ಬಾಡಿದ್ದ ದಿನ ನಾನೇ ಹೆಗಲೊತ್ತಿ ಕೂರಿಸುತ್ತೇನೆ.